ಕೆಡೆಟ್ ಮಕ್ಕಳ ಜೊತೆ ದೊಡ್ಡವರು ಎಷ್ಟು ಜನ ಬೇಕು, ಅವರನ್ನು ಎಲ್ಲಿಂದ ತರುವುದು? ಕೊಡಗಿನ ಶಾಲೆಗಳಿಗೆ ಒಂದು ಮಾರ್ಗದರ್ಶಿ

"ಮಕ್ಕಳು ರೆಡಿ ಇದ್ದಾರೆ, ಯೂನಿಫಾರ್ಮ್ ಕೂಡ ಬಂದಿದೆ, ಆದರೆ ನೋಡಿಕೊಳ್ಳೋಕೆ ಇರೋದು ಒಬ್ಬರೇ ಮೇಷ್ಟ್ರು. ಏನು ಮಾಡೋದು?" ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಇನ್ನು ಕೆಲವರ ಪ್ರಶ್ನೆ ಆಚೆ ಬದಿಯದು: "ಮಿಲಿಟರಿಯಿಂದ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಮಕ್ಕಳಿಗೆ ಡ್ರಿಲ್ ಹೇಳಿಕೊಡಬೇಕು ಅಂತ ಆಸೆ. ಯಾರನ್ನು ಕೇಳಬೇಕು?" ಈ ಇಬ್ಬರೂ ಒಂದೇ ಊರಿನಲ್ಲಿದ್ದು ಒಬ್ಬರಿಗೊಬ್ಬರು ಸಿಗದೇ ಇರುವುದು ನನಗೆ ಬೇಸರದ ವಿಷಯ. ಅದಕ್ಕೇ ಎನ್‌ಸಿಸಿ, ಸ್ಕೌಟ್ಸ್ ಅಂಡ್ ಗೈಡ್ಸ್, ಸ್ಟೂಡೆಂಟ್ ಪೊಲೀಸ್ ಕೆಡೆಟ್ ಘಟಕಗಳಿರುವ ಶಾಲೆಗಳಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಜನ ಸಿಗುತ್ತಿಲ್ಲ ಅಂತ ಮಕ್ಕಳ ಸುರಕ್ಷತೆಯ ನಿಯಮ ಸಡಿಲ ಮಾಡಬೇಡಿ. ಕಾರ್ಯಕ್ರಮವನ್ನು ಚಿಕ್ಕದು ಮಾಡಿ, ಕೆಲಸವನ್ನು ಹಂಚಿ. ಒಬ್ಬರ ತಲೆ ಮೇಲೆ ಎಲ್ಲವನ್ನೂ ಹೊರಿಸುವುದರಿಂದಲೇ ಜನ ಹತ್ತಿರ ಬರುವುದಿಲ್ಲ.

1. ನಿಮ್ಮದು ಯಾವ ಘಟಕ, ಅದು ಅಸಲಿಯೇ ಅಂತ ನೋಡಿಕೊಳ್ಳಿ

ಎನ್‌ಸಿಸಿ, ಅಂದರೆ ನ್ಯಾಷನಲ್ ಕೆಡೆಟ್ ಕೋರ್, 1948ರ ಕಾಯ್ದೆಯಿಂದ ಬಂದ ಸಂಸ್ಥೆ. ಹೈಸ್ಕೂಲ್ ಹುಡುಗರದ್ದು ಜೂನಿಯರ್ ಡಿವಿಜನ್, ಹುಡುಗಿಯರದ್ದು ಜೂನಿಯರ್ ವಿಂಗ್. ಪಿಯು, ಡಿಗ್ರಿಯವರದ್ದು ಸೀನಿಯರ್. ಶಾಲೆಯಲ್ಲಿ ಇದರ ಹೊಣೆ ಹೊರುವವರು ಎಎನ್‌ಒ, ಅಂದರೆ ಅಸೋಸಿಯೇಟ್ ಎನ್‌ಸಿಸಿ ಆಫೀಸರ್. ಇವರು ಆ ಶಾಲೆಯ ಶಿಕ್ಷಕರೇ ಆಗಿರುತ್ತಾರೆ. ತರಬೇತಿಗೆ ಗಂಡಸರು ನಾಗಪುರದ ಹತ್ತಿರದ ಕಾಮ್ಟಿಗೆ, ಹೆಂಗಸರು ಗ್ವಾಲಿಯರ್‌ಗೆ ಹೋಗಬೇಕು. ಮನೆ, ತೋಟ, ಚಿಕ್ಕ ಮಕ್ಕಳು ಇರುವ ಶಿಕ್ಷಕರು ವಾರಗಟ್ಟಲೆ ಅಷ್ಟು ದೂರ ಹೋಗಲು ಹಿಂದೆಮುಂದೆ ನೋಡುವುದು ಸಹಜ ಅಲ್ವಾ? ಎಎನ್‌ಒ ಇಲ್ಲದಿದ್ದಾಗ ಶಾಲೆ ತಾತ್ಕಾಲಿಕವಾಗಿ ಕೇರ್‌ಟೇಕರ್ ಒಬ್ಬರನ್ನು ಇಡುತ್ತದೆ. ಡ್ರಿಲ್, ಆಯುಧ ಕಲಿಸಲು ಬರುವ ಸೇನೆಯ ಹವಾಲ್ದಾರ್, ಸುಬೇದಾರರನ್ನು ಪಿಐ (ಪರ್ಮನೆಂಟ್ ಇನ್‌ಸ್ಟ್ರಕ್ಷನಲ್) ಸ್ಟಾಫ್ ಅನ್ನುತ್ತಾರೆ. ಅವರು ಬೆಟಾಲಿಯನ್‌ನವರು, ಅಂದರೆ ಶಾಲೆಗಳ ಎನ್‌ಸಿಸಿ ಘಟಕಗಳನ್ನು ನೋಡಿಕೊಳ್ಳುವ ಕಚೇರಿಯವರು. ನಮ್ಮ ಜಿಲ್ಲೆಗೆ ಮಡಿಕೇರಿಯ 19ನೇ ಕರ್ನಾಟಕ ಬೆಟಾಲಿಯನ್ ಇದೆ.

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಬೇರೆ ತರಹ. ಇಲ್ಲಿ ಶಿಕ್ಷಕರಲ್ಲದವರೂ ತರಬೇತಿ ಪಡೆದು ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಆಗಬಹುದು. ಶಾಲೆಯ ಹೊರಗೆ ಮುಕ್ತ ದಳ ಕಟ್ಟಲೂ ಅವಕಾಶವಿದೆ. ಆರರಿಂದ ಎಂಟು ಮಕ್ಕಳದ್ದು ಒಂದು ಪೆಟ್ರೋಲ್, ಕೆಲವು ಪೆಟ್ರೋಲ್ ಸೇರಿ ಒಂದು ಟ್ರೂಪ್. ಗೈಡ್ ವಿಭಾಗಕ್ಕೆ ಮಹಿಳೆಯರೇ ನಾಯಕರಾಗಿರಬೇಕು. ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಕೇರಳದಲ್ಲಿ 2010ರಲ್ಲಿ ಶುರುವಾಗಿ 2018ರಲ್ಲಿ ದೇಶಕ್ಕೆಲ್ಲ ಬಂತು. ಅದರಲ್ಲಿ ಶಾಲೆಯ ಶಿಕ್ಷಕರು ಮತ್ತು ಸ್ಥಳೀಯ ಠಾಣೆ ಕೈಜೋಡಿಸುತ್ತಾರೆ.

ಈಗ ಎಚ್ಚರಿಕೆ. 2024ರ ಆಗಸ್ಟ್‌ನಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರು ಹೇಳಿಕೊಂಡು ನಡೆದ ನಕಲಿ ಶಿಬಿರದಲ್ಲಿ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು. ಆ ಶಾಲೆಯಲ್ಲಿ ಎನ್‌ಸಿಸಿ ಘಟಕವೇ ಇರಲಿಲ್ಲ. ಖಾಕಿ ಬಟ್ಟೆ, ಸೀಟಿ, ಗಟ್ಟಿ ದನಿ ಇಟ್ಟುಕೊಂಡು ಯಾರು ಬೇಕಾದರೂ ಬರಬಹುದು. "ಫ್ರೀ ಕ್ಯಾಂಪ್ ಮಾಡಿಕೊಡ್ತೇವೆ, ಸರ್ಟಿಫಿಕೇಟ್ ಕೊಡ್ತೇವೆ" ಅಂತ ಯಾರಾದರೂ ಬಂದರೆ ಅವರು ಕೊಟ್ಟ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡಿ. ನೀವೇ ಬೆಟಾಲಿಯನ್ ಕಚೇರಿಗೆ, ಸ್ಕೌಟ್ಸ್ ಆದರೆ ಜಿಲ್ಲಾ ಸಂಸ್ಥೆಗೆ ಹೋಗಿ ಕೇಳಿ. ಲಿಖಿತ ಉತ್ತರ ಕೈಗೆ ಬರುವವರೆಗೆ ಒಂದು ಮಗುವನ್ನೂ ಕಳಿಸಬೇಡಿ.

2. ಕೆಲಸವನ್ನು ಬಿಡಿಸಿ ಬರೆಯಿರಿ

"ಎನ್‌ಸಿಸಿಗೆ ಸಹಾಯ ಮಾಡ್ತೀರಾ?" ಅಂತ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. "ಶನಿವಾರ ಬೆಳಿಗ್ಗೆ 8ರಿಂದ 10ರವರೆಗೆ ಮೈದಾನದ ಬದಿಯಲ್ಲಿ ನಿಂತು ಹಾಜರಿ ಪುಸ್ತಕ ನೋಡಿಕೊಳ್ತೀರಾ? ತಿಂಗಳಿಗೆ ಒಂದು ಶನಿವಾರ ಸಾಕು" ಅಂತ ಕೇಳಿದರೆ ಒಪ್ಪುವವರು ಇದ್ದಾರೆ.

ಒಂದು ಹಾಳೆಯಲ್ಲಿ ಎಲ್ಲ ಕೆಲಸ ಬರೆದುಕೊಳ್ಳಿ. ಹಾಜರಿ, ತಿಂಡಿ, ಫಸ್ಟ್ ಏಯ್ಡ್ ಡಬ್ಬ, ಪೋಷಕರಿಗೆ ಫೋನ್, ಮಕ್ಕಳನ್ನು ಮನೆಗೆ ಮುಟ್ಟಿಸುವುದು, ಸಾಮಾನಿನ ಲೆಕ್ಕ, ಕಚೇರಿ ಪತ್ರ. ಇವುಗಳಲ್ಲಿ ಎಎನ್‌ಒ ಅಥವಾ ಸ್ಕೌಟ್ ಮಾಸ್ಟರೇ ಮಾಡಬೇಕಾದ್ದು ಯಾವುದು ಅಂತ ಗುರುತು ಹಾಕಿ. ಕಲಿಸುವುದು, ಸಹಿ ಹಾಕುವುದು, ಶಿಬಿರದ ಹೊಣೆ ಅವರದ್ದೇ. ಮಿಕ್ಕಿದ್ದನ್ನು ಬೇರೆಯವರಿಗೆ ಕೊಡಬಹುದು. ಎನ್‌ಸಿಸಿಯಲ್ಲಿ ಹೊರಗಿನವರು ಸಹಾಯಕ್ಕೆ ಬರುವ ಮುಂಚೆ ಹೆಡ್‌ಮಾಸ್ಟರ್ ಮತ್ತು ಬೆಟಾಲಿಯನ್ ಇಬ್ಬರ ಒಪ್ಪಿಗೆಯೂ ಇರಲಿ.

3. ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿ

ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಹೇಳುವ ಲೆಕ್ಕ ಹೀಗಿದೆ: 9ರಿಂದ 12 ವರ್ಷದ 8 ಮಕ್ಕಳಿಗೆ ಒಬ್ಬರು ದೊಡ್ಡವರು, 13ರಿಂದ 18ರ 10 ಮಕ್ಕಳಿಗೆ ಒಬ್ಬರು. ಮಕ್ಕಳು ಎಷ್ಟೇ ಕಡಿಮೆ ಇದ್ದರೂ ಇಬ್ಬರು ಇರಲೇಬೇಕು. ಇದು ನಮ್ಮಲ್ಲಿ ಕಾನೂನಲ್ಲ. ಆದರೆ ಅಳತೆಗೋಲಾಗಿ ಇಟ್ಟುಕೊಳ್ಳಲು ಚೆನ್ನಾಗಿದೆ. ನಿಮ್ಮ ಸಂಸ್ಥೆಯ ಆದೇಶದಲ್ಲಿ ಇದಕ್ಕಿಂತ ಬಿಗಿ ನಿಯಮ ಇದ್ದರೆ ಅದನ್ನೇ ಪಾಲಿಸಿ.

ಹೈಸ್ಕೂಲಿನ 40 ಕೆಡೆಟ್‌ಗಳಿದ್ದರೆ ನಾಲ್ಕು ಜನ ಬೇಕು. ನಾನು ಐದು ಅನ್ನುತ್ತೇನೆ. ಒಂದು ಮಗುವಿಗೆ ಕಾಲು ಉಳುಕಿತು ಅಂತಿಟ್ಟುಕೊಳ್ಳಿ. ಆಸ್ಪತ್ರೆಗೆ ಒಬ್ಬರು ಹೋದ ಮೇಲೂ ಉಳಿದ ಮಕ್ಕಳಿಗೆ ಲೆಕ್ಕ ಸರಿ ಇರಬೇಕು. ಹುಡುಗಿಯರಿದ್ದರೆ ಮಹಿಳೆಯರು ಇರಲೇಬೇಕು. ಒಬ್ಬರಿಗೆ ರಜೆ ಬೇಕಾದಾಗ ಕಷ್ಟ, ಹಾಗಾಗಿ ಪಟ್ಟಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರ ಹೆಸರು ಇರಲಿ.

ಇಲ್ಲಿ ತುಂಬ ಶಾಲೆಗಳು ಎಡವುತ್ತವೆ: ಸೀನಿಯರ್ ಕೆಡೆಟ್‌ನನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸುತ್ತಾರೆ. ಎನ್‌ಸಿಸಿಯಲ್ಲಿ ಮೇಲಿನ ರ್ಯಾಂಕಿನ ಅಂಡರ್ ಆಫೀಸರ್ ಆಗಿರಲಿ, ಸ್ಕೌಟ್ಸ್‌ನ ಪೆಟ್ರೋಲ್ ಲೀಡರ್ ಆಗಿರಲಿ, ಸೇರಿಸಬೇಡಿ. 2023ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಠಾಣೆಯ ಕಾಲೇಜೊಂದರ ವಿಡಿಯೊ ಎಲ್ಲ ಕಡೆ ಹರಿದಾಡಿತ್ತು. ಮಳೆ ನೀರು ನಿಂತ ಜಾಗದಲ್ಲಿ ತಲೆ ಊರಿಸಿ ನಿಲ್ಲಿಸಿದ್ದ ಎನ್‌ಸಿಸಿ ಹುಡುಗರಿಗೆ ಸೀನಿಯರ್ ಒಬ್ಬ ಕೋಲಿನಿಂದ ಹೊಡೆಯುತ್ತಿದ್ದ. ದೊಡ್ಡವರೊಬ್ಬರು ಅಲ್ಲೇ ಇದ್ದಿದ್ದರೆ ಮೊದಲ ಏಟಿಗೇ ಅದು ನಿಲ್ಲುತ್ತಿತ್ತು.

4. ಜನರನ್ನು ಮಳೆಗಾಲದಲ್ಲೇ ಹುಡುಕಿ

ಕೊಡಗಿನಲ್ಲಿ ಸ್ವಯಂಸೇವಕರ ಕೊರತೆಗೆ ಒಂದು ಕಾಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೈದಾನದಲ್ಲಿ ಏನೂ ನಡೆಯುವುದಿಲ್ಲ. ಅಕ್ಟೋಬರ್ ನಂತರ ಪರೇಡ್, ಚಾರಣ, ಶಿಬಿರ ಎಲ್ಲ ಒಟ್ಟಿಗೆ ಬರುತ್ತವೆ. ಆದರೆ ನವೆಂಬರ್‌ಗೆ ಅರೇಬಿಕಾ ಕುಯ್ಲು ಶುರು, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ, ಅದರ ಜೊತೆಗೇ ಕರಿಮೆಣಸು. ಮಧ್ಯೆ ಪುತ್ತರಿ ಹಬ್ಬ. ಮಕ್ಕಳಿಗೆ ದೊಡ್ಡವರು ಬೇಕಾದ ಹೊತ್ತಿಗೇ ದೊಡ್ಡವರೆಲ್ಲ ತೋಟದಲ್ಲಿರುತ್ತಾರೆ. ಕಣದಲ್ಲಿ ಕಾಫಿ ಒಣಗಲು ಹಾಕಿದವರನ್ನು ಶನಿವಾರ ಬನ್ನಿ ಅಂದರೆ ಬರಲಾರರು. ಅದು ಉಡಾಫೆಯಲ್ಲ, ವರ್ಷದ ಅನ್ನದ ಪ್ರಶ್ನೆ.

ಹಾಗಾಗಿ ಜೂನ್, ಜುಲೈನಲ್ಲೇ ಜನರನ್ನು ಕೇಳಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅವರ ಕಾಗದಪತ್ರ, ತರಬೇತಿ ಮುಗಿಸಿ. ಪಟ್ಟಿಯನ್ನು ಎರಡು ಮಾಡಿ. ತೋಟದವರ ಹೆಸರು ಅಕ್ಟೋಬರ್‌ವರೆಗೆ ಮತ್ತು ಏಪ್ರಿಲ್‌ನಿಂದ ಮುಂದಕ್ಕೆ. ಕುಯ್ಲಿನ ತಿಂಗಳುಗಳಿಗೆ ಪೇಟೆಯಲ್ಲಿರುವವರು, ನಿವೃತ್ತ ಬ್ಯಾಂಕ್ ನೌಕರರು, ನಿವೃತ್ತ ಶಿಕ್ಷಕಿಯರು, ನರ್ಸ್‌ಗಳು, ಅಂಗಡಿ ಇಟ್ಟವರು.

ನಿವೃತ್ತ ಸೈನಿಕರ ವಿಷಯಕ್ಕೆ ಬರೋಣ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ನಿವೃತ್ತ ಸೈನಿಕರಿಲ್ಲದ ಊರು ಇಲ್ಲಿ ಕಾಣಸಿಗುವುದು ಕಷ್ಟ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ, ನಿಮ್ಮ ಹೋಬಳಿಯ ಮಾಜಿ ಸೈನಿಕರ ಸಂಘದಲ್ಲಿ ಕೇಳಿ. ಫ್ಲೆಕ್ಸ್ ಹಾಕಿ ಕಾಯುವುದಕ್ಕಿಂತ ಮನೆಗೆ ಹೋಗಿ ಎದುರು ಕೂತು ಕೇಳುವುದು ಮೇಲು. ಹೋಗುವಾಗ ಕೆಲಸದ ಹಾಳೆ ಕೈಯಲ್ಲಿರಲಿ. ಹೆಣ್ಣುಮಕ್ಕಳ ಘಟಕವಾದರೆ ಹಳೆಯ ಎನ್‌ಸಿಸಿ ಕೆಡೆಟ್‌ಗಳಾಗಿದ್ದ ತಾಯಂದಿರನ್ನು ಹುಡುಕಿ. ಮದುವೆಯಾಗಿ ಊರಿಗೆ ಬಂದ ಎಷ್ಟೋ ಜನರ ಪೆಟ್ಟಿಗೆಯಲ್ಲಿ ಎನ್‌ಸಿಸಿಯ ಸೀನಿಯರ್ ಹಂತದ "ಸಿ" ಸರ್ಟಿಫಿಕೇಟ್ ಇರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

5. ಎಲ್ಲರನ್ನೂ ತಪಾಸಣೆ ಮಾಡಿ, ಗೊತ್ತಿರುವವರನ್ನೂ

ನಮ್ಮ ಜಿಲ್ಲೆಯ ದೊಡ್ಡ ಬಲಹೀನತೆ ಇಲ್ಲಿದೆ. ಮನೆ ಹೆಸರು ಹೇಳಿದರೆ ಮೂರು ತಲೆಮಾರು ಗೊತ್ತಾಗುತ್ತದೆ. "ಅಯ್ಯೋ, ಅವರು ನಮ್ಮವರೇ" ಅನ್ನುವ ಮಾತಿಗೆ ತಪಾಸಣೆ ಅಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ತೊಂದರೆ ಕೊಡುವವರು ಬಹುತೇಕ ಅವರಿಗೆ ಗೊತ್ತಿರುವವರೇ. ಆದ್ದರಿಂದ ಪರಿಚಯವನ್ನು ಪ್ರಮಾಣಪತ್ರ ಅಂತ ತಿಳಿಯಬೇಡಿ.

2012ರ ಪೋಕ್ಸೊ ಕಾಯ್ದೆ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು, ಅದಕ್ಕೆ 2020ರಲ್ಲಿ ಹೊಸ ನಿಯಮಗಳು ಬಂದವು. ಮಕ್ಕಳ ಜೊತೆ ಒಡನಾಟ ಇರುವ ಶಾಲೆ, ಕ್ರೀಡಾ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕು ಅಂತ ಅದು ಹೇಳುತ್ತದೆ. ಸ್ವಯಂಸೇವಕರನ್ನೂ ಇದೇ ಸಾಲಿಗೆ ಸೇರಿಸಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಪೊಲೀಸ್ ವೆರಿಫಿಕೇಷನ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅದರ ಜೊತೆಗೆ ಆಧಾರ್ ಪ್ರತಿ, ಫೋಟೊ, ಸಂಬಂಧಿಕರಲ್ಲದ ಇಬ್ಬರ ಅಭಿಪ್ರಾಯ ಇರಲಿ. ಆ ಇಬ್ಬರಿಗೂ ನೀವೇ ಫೋನ್ ಮಾಡಿ ಮಾತಾಡಿ. ಮಾಜಿ ಸೈನಿಕರಾದರೆ ಡಿಸ್ಚಾರ್ಜ್ ಬುಕ್ ನೋಡಿ. ಅದರಲ್ಲಿ ನಡತೆಯ ಬಗ್ಗೆ ಒಂದು ಸಾಲು ಇರುತ್ತದೆ. ಆದರೆ ಅದು ನಿವೃತ್ತಿಯ ದಿನದ ಮಾತು. ಹೊಸ ಪೊಲೀಸ್ ಪರಿಶೀಲನೆ ಬೇಕೇ ಬೇಕು.

"ಹಿರಿಯರು, ಸುಬೇದಾರ್ ಆಗಿದ್ದವರು, ಅವರ ಹತ್ತಿರ ಇದನ್ನೆಲ್ಲ ಹೇಗೆ ಕೇಳೋದು?" ಅಂತ ಹಿಂಜರಿಯಬೇಡಿ. ದಾರಿ ಇದೆ. ಮೊದಲು ಹೆಡ್‌ಮಾಸ್ಟರ್, ಎಎನ್‌ಒ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ತಮ್ಮದನ್ನು ಮಾಡಿಸಲಿ. ಆಮೇಲೆ ಹೀಗೆ ಹೇಳಿ: "ಸಾರ್, ಮಕ್ಕಳ ಹತ್ತಿರ ಬರುವ ಎಲ್ಲರಿಗೂ ಇದೊಂದು ಕ್ರಮ ಇಟ್ಟಿದ್ದೇವೆ. ನಮ್ಮ ಹೆಡ್‌ಮಾಸ್ಟರದ್ದೂ ಈ ಫೈಲಲ್ಲಿದೆ, ನೋಡಿ." ಸೇನೆಯಲ್ಲಿ ಗೇಟ್ ಪಾಸ್ ಇಲ್ಲದೆ ಯಾರನ್ನೂ ಒಳಗೆ ಬಿಡದವರು ಇವರು. ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಇಷ್ಟು ಹೇಳಿದ ಮೇಲೂ ಒಬ್ಬರು ಕೊಡುವುದಿಲ್ಲ ಅಂದರೆ ಅವರನ್ನು ಬಿಟ್ಟುಬಿಡಿ. ಎಷ್ಟೇ ದೊಡ್ಡವರಾಗಿರಲಿ.

6. ಇಬ್ಬರ ನಿಯಮವನ್ನು ಮೈದಾನಕ್ಕೆ ಇಳಿಸಿ

ಯಾವ ದೊಡ್ಡವರೂ ಯಾವ ಮಗುವಿನ ಜೊತೆಗೂ ಬೇರೆಯವರ ಕಣ್ಣಿಗೆ ಬೀಳದ ಹಾಗೆ ಒಂಟಿಯಾಗಿ ಇರಬಾರದು. ಇಬ್ಬರ ನಿಯಮ ಅಂದರೆ ಇಷ್ಟೇ. ಗುಟ್ಟಾಗಿ ಮಾತಾಡಬೇಕಾದರೆ ಮೈದಾನದ ಮೂಲೆಗೆ ಕರೆದುಕೊಂಡು ಹೋಗಿ. ಮಾತು ಬೇರೆಯವರಿಗೆ ಕೇಳದಿರಲಿ, ಆದರೆ ಇಬ್ಬರೂ ಕಾಣುತ್ತಿರಲಿ. ಸ್ಟೋರ್ ರೂಮಿಗೆ ಸಾಮಾನು ತರಲು ಇಬ್ಬರು ಮಕ್ಕಳನ್ನು ಕಳಿಸಿ. ಯೂನಿಫಾರ್ಮ್ ಅಳತೆಗೆ ಮುಟ್ಟುವ ಕೆಲಸವಿದ್ದರೆ ಹುಡುಗಿಯರಿಗೆ ಮಹಿಳೆಯರೇ, ಅದೂ ಬಾಗಿಲು ತೆರೆದಿಟ್ಟು.

ವಾಟ್ಸ್ಆ್ಯಪ್ ಬಗ್ಗೆ ಕಟ್ಟುನಿಟ್ಟಾಗಿರಿ. ಪೋಷಕರೂ ಇನ್ನೊಬ್ಬ ಶಿಕ್ಷಕರೂ ಇರುವ ಗ್ರೂಪಿನಲ್ಲಿ ಮಾತ್ರ ಸಂದೇಶ. ಮಗುವಿನ ನಂಬರಿಗೆ ನೇರವಾಗಿ "ಯಾಕೆ ಬರಲಿಲ್ಲ?" ಅಂತಲೂ ಕಳಿಸಬಾರದು. ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ, ಗೊತ್ತು. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ.

ಶಿಕ್ಷೆಯ ವಿಷಯವನ್ನು ಮೊದಲ ದಿನವೇ ಹೇಳಿ. ಸೇನೆಯಲ್ಲಿ "ರಗಡಾ" ಅನ್ನುವ ಪದ್ಧತಿ ಇದೆ, ಮಣ್ಣಲ್ಲಿ ಉರುಳಿಸುವುದು, ಕಪ್ಪೆಯ ಹಾಗೆ ಕುಪ್ಪಳಿಸಿ ಓಡಿಸುವುದು. ವಯಸ್ಕ ಸೈನಿಕನಿಗೆ ಮಾಡಿದ್ದನ್ನು ಎಂಟನೇ ಕ್ಲಾಸಿನ ಮಗುವಿಗೆ ಮಾಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ತಡವಾಗಿ ಬಂದ ಮಗುವಿಗೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, ಪೋಷಕರಿಗೆ ತಿಳಿಸಿ. ಅಷ್ಟು ಸಾಕು.

7. ಮನೆಗೆ ಮುಟ್ಟಿಸುವುದು: ಜಾಸ್ತಿ ಗಮನ ಇಲ್ಲಿ ಕೊಡಿ

ಮೈದಾನದಲ್ಲಿ ಎಲ್ಲ ಸರಿ ಇದ್ದು ವಾಪಸ್ ಹೋಗುವಾಗ ನಿಯಮ ಮುರಿಯುತ್ತದೆ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಒಂದೊಂದು ತೋಟದ ನಡುವೆ ಒಂದೊಂದು ಮನೆ, ತೋಟದ ಕಾರ್ಮಿಕರ ಲೈನ್ ಮನೆಗಳು ಇನ್ನೂ ಒಳಗೆ. ಬಸ್ಸು ಹೋದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಆಗ ಸಹಾಯಕ್ಕೆ ಬಂದ ದೊಡ್ಡವರೊಬ್ಬರು "ಜೀಪಲ್ಲಿ ಬಿಡ್ತೇನೆ, ಹತ್ತಿ" ಅನ್ನುತ್ತಾರೆ. ಹತ್ತಿದ್ದು ಆರು ಮಕ್ಕಳು. ಒಬ್ಬೊಬ್ಬರೇ ಇಳಿದು ಕೊನೆಗೆ ಒಂದು ಮಗು, ಒಬ್ಬ ಡ್ರೈವರ್, ಸುತ್ತ ಕಾಫಿ ಗಿಡ, ಫೋನಿಗೆ ನೆಟ್‌ವರ್ಕ್ ಇಲ್ಲ. ಡ್ರೈವರ್ ಎಷ್ಟೇ ಒಳ್ಳೆಯವರಾಗಿರಲಿ, ಮಗುವಿಗೂ ಅವರಿಗೂ ಇಬ್ಬರಿಗೂ ಇದು ಸುರಕ್ಷಿತವಲ್ಲ.

ಹೀಗೆ ಮಾಡಿ. ಜೀಪಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು. ಅದು ಆಗದಿದ್ದರೆ ಅಣ್ಣ-ತಂಗಿ, ಅಕ್ಕ-ತಮ್ಮ ಇರುವ ಮನೆಯನ್ನು ಕೊನೆಗೆ ಇಡಿ. ಅದೂ ಆಗದಿದ್ದರೆ ಕೊನೆಯ ಇಬ್ಬರು ಮಕ್ಕಳನ್ನು ಒಂದೇ ಜಂಕ್ಷನ್‌ನಲ್ಲಿ ಇಳಿಸಿ, ಪೋಷಕರು ಅಲ್ಲಿಗೇ ಬರಲಿ. ಪೋಷಕರು ಬರುವವರೆಗೆ ಜೀಪು ಅಲ್ಲೇ ನಿಲ್ಲಬೇಕು.

ರೂಲ್ ಹಾಕಿದ ಒಂದು ನೋಟ್‌ಬುಕ್ ಇಡಿ. ಐದು ಕಾಲಮ್: ಮಗುವಿನ ಹೆಸರು, ಬಂದ ಸಮಯ, ಹೊರಟ ಸಮಯ, ಯಾರ ಜೊತೆ ಹೋಯಿತು, ಕಳಿಸಿದವರ ಚಿಕ್ಕ ಸಹಿ. "ಯಾರ ಜೊತೆ" ಅನ್ನುವಲ್ಲಿ "ಮಾಮ" ಅಂತ ಬರೆದರೆ ಸಾಲದು. ಹೆಸರು, ಫೋನ್ ನಂಬರ್ ಬೇಕು. ವರ್ಷದ ಶುರುವಿನಲ್ಲೇ ಪೋಷಕರಿಂದ "ನನ್ನ ಮಗುವನ್ನು ಇವರ ಜೊತೆ ಕಳಿಸಬಹುದು" ಅಂತ ಇಬ್ಬರು ಮೂವರ ಹೆಸರು ಬರೆಸಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದವರು ಬಂದರೆ ಮನೆಗೆ ಫೋನ್ ಮಾಡದೆ ಕಳಿಸಬೇಡಿ.

ಸಿದ್ದಾಪುರ, ತಿತಿಮತಿ ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಸಂಜೆ 4.30ರೊಳಗೆ ಕೊನೆಯ ಮಗು ಶಾಲೆಯಿಂದ ಹೊರಟಿರುವ ಹಾಗೆ ಸಮಯ ಇಟ್ಟುಕೊಳ್ಳಿ. ಹೊರಡುವ ಮುಂಚೆ ಆ ದಾರಿಯಲ್ಲಿ ಆನೆ ಇದೆಯಾ ಅಂತ ತೋಟದವರನ್ನು, ಅರಣ್ಯ ಇಲಾಖೆಯವರನ್ನು ಕೇಳಿ.

8. ಚಾರಣ, ಶಿಬಿರ, ನೀರು

ರಾತ್ರಿ ತಂಗುವ ಯಾವ ಕಾರ್ಯಕ್ರಮಕ್ಕೂ ಪೋಷಕರ ಲಿಖಿತ ಒಪ್ಪಿಗೆ, ಇಲಾಖೆಯ ಅನುಮತಿ ಎರಡೂ ಬೇಕು. ಅರಣ್ಯದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯದ್ದೂ ಬೇಕು. ಮಲಗುವಾಗ ದೊಡ್ಡವರದ್ದು ಬೇರೆ ಕೋಣೆ ಅಥವಾ ಟೆಂಟ್, ಆದರೆ ಕೂಗಿದರೆ ಕೇಳುವಷ್ಟು ಹತ್ತಿರ. ಹುಡುಗಿಯರ ಬದಿಗೆ ಇಬ್ಬರು ಮಹಿಳೆಯರು. ರಾತ್ರಿ ಪಾಳಿಯೂ ಇಬ್ಬಿಬ್ಬರದ್ದು.

ಕಾವೇರಿ, ಹಾರಂಗಿ, ಚಿಕ್ಲಿಹೊಳೆ ದಡಕ್ಕೆ ಹೋದರೆ "ಬರೀ ಕಾಲು ತೊಳೀತೇವೆ ಸಾರ್" ಅನ್ನುವ ಮಾತಿಗೆ ಒಪ್ಪಬೇಡಿ. ಮೇಲಿಂದ ನೋಡಿದರೆ ಮಂಡಿಯುದ್ದ ಕಾಣುವ ನೀರಿನ ಕೆಳಗೆ ಗುಂಡಿ ಇರುತ್ತದೆ, ಪಾಚಿ ಹಿಡಿದ ಬಂಡೆ ಇರುತ್ತದೆ. ಈಜು ಬಲ್ಲ ದೊಡ್ಡವರು, ಹಗ್ಗ, ಟ್ಯೂಬ್ ಇಲ್ಲದೆ ನೀರಿಗೆ ಇಳಿಸಲೇಬೇಡಿ.

ಮಳೆಗಾಲದಲ್ಲಿ ಶಿಬಿರ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದದ್ದು ಯಾರೂ ಮರೆತಿಲ್ಲ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಕೆಡೆಟ್‌ಗಳಿಗೂ ರಜೆ. "ಅವರು ಗಟ್ಟಿ ಮಕ್ಕಳು" ಅಂತ ಕರೆಸಬಾರದು.

ಇನ್ನೊಂದು, ನಮ್ಮ ಜಿಲ್ಲೆಗೇ ಸೇರಿದ್ದು. ಇಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಗುರಿ ಹೇಳಿಕೊಡುವ ಉತ್ಸಾಹದಲ್ಲಿ ಯಾರೂ ಮನೆಯ ಕೋವಿಯನ್ನು ಶಿಬಿರಕ್ಕೆ ತರಬಾರದು, ತೋರಿಸಲಿಕ್ಕೂ ಸಹ. ಎನ್‌ಸಿಸಿಯ ಪಾಯಿಂಟ್ 22 ರೈಫಲ್ ಅಭ್ಯಾಸ ಬೆಟಾಲಿಯನ್‌ನವರು ರೇಂಜಿನಲ್ಲಿ ನಡೆಸುತ್ತಾರೆ. ಬೇರೆಲ್ಲೂ ಬೇಡ.

9. ಮಗು ಏನಾದರೂ ಹೇಳಿಕೊಂಡರೆ

ಕೇಳಿಸಿಕೊಳ್ಳಿ. ನಂಬಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಯಾಕೆಂದರೆ ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಪೊಲೀಸರಿಗೆ ತಿಳಿಸಲೇಬೇಕು ಅಂತ ಪೋಕ್ಸೊ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಇದೆ. ತನ್ನ ಕೈಕೆಳಗಿನವರ ವಿಷಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಕೃಷ್ಣಗಿರಿ ಪ್ರಕರಣದಲ್ಲಿ ವಿಷಯ ಗೊತ್ತಿದ್ದೂ ಪೊಲೀಸರಿಗೆ ಹೇಳದ ಆರೋಪದ ಮೇಲೆ ಶಾಲೆಯವರೂ ಬಂಧನಕ್ಕೊಳಗಾದರು.

1098 ಮಕ್ಕಳ ಸಹಾಯವಾಣಿ, 112 ತುರ್ತು ಸಂಖ್ಯೆ. ಎರಡನ್ನೂ ಮಕ್ಕಳ ಕಣ್ಣಿಗೆ ಬೀಳುವ ಕಡೆ ಬರೆಸಿ. ಮಗುವನ್ನು ನಾಲ್ಕು ಜನರ ಮುಂದೆ ಕೂರಿಸಿ ಮತ್ತೆ ಮತ್ತೆ ಕೇಳಬೇಡಿ. ಹಿರಿಯರನ್ನು ಸೇರಿಸಿ ರಾಜಿ ಪಂಚಾಯ್ತಿ ಮಾಡಬೇಡಿ. ಮಗುವಿನ ಗುರುತು ಹೊರಗೆ ಬಿಡುವುದೂ ಅಪರಾಧ. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ, ದಿನಾಂಕ ಸಮಯದ ಜೊತೆ ಬರೆದಿಟ್ಟು ಠಾಣೆಗೆ ಹೋಗಿ. ಆರೋಪ ಬಂದವರನ್ನು ಆ ಕ್ಷಣವೇ ಮಕ್ಕಳ ಕೆಲಸದಿಂದ ದೂರ ಇಡಿ.

10. ಇವತ್ತು ಒಬ್ಬರೇ ಬಂದಿದ್ದಾರೆ, ಏನು ಮಾಡಲಿ?

ಆ ದಿನದ ಪರೇಡ್ ಬಿಡಿ. ಶಾಲೆ ನಡೆಯುತ್ತಿದ್ದರೆ, ಬೇರೆ ಶಿಕ್ಷಕರು ಕಾಣುವ ಕಡೆ, ಬಾಗಿಲು ತೆರೆದ ಕ್ಲಾಸಿನಲ್ಲಿ ಮಕ್ಕಳನ್ನು ಕೂರಿಸಿ ನಕ್ಷೆ ಓದುವುದು, ಗಂಟು ಹಾಕುವುದು, ಫಸ್ಟ್ ಏಯ್ಡ್ ಮಾಡಿಸಿ. ರಜೆಯ ದಿನವಾದರೆ ರದ್ದು ಮಾಡಿ. ಇದಕ್ಕಾಗಿ ಬೆಳಿಗ್ಗೆ 6.30ಕ್ಕೆ ಒಂದು ಗಡುವು ಇಟ್ಟುಕೊಳ್ಳಿ. ಅಷ್ಟರೊಳಗೆ ಇಬ್ಬರು ದೊಡ್ಡವರು "ಬರ್ತೇವೆ" ಅಂತ ಖಚಿತ ಮಾಡದಿದ್ದರೆ ಗ್ರೂಪಿಗೆ ಸಂದೇಶ ಹೋಗಲಿ: "ಇಂದಿನ ತರಗತಿ ಇಲ್ಲ. ಮಕ್ಕಳನ್ನು ಕಳಿಸಬೇಡಿ. ಓದಿದವರು ಹೆಸರು ಹಾಕಿ." ಹೆಸರು ಹಾಕದ ಮನೆಗಳಿಗೆ ಫೋನ್ ಮಾಡಿ. ಸಿಗ್ನಲ್ ಇಲ್ಲದ ಕಡೆಯ ಮಗು ಬಂದೇ ಬಂದರೆ ಪೋಷಕರು ಸಿಗುವವರೆಗೆ ಕೂರಿಸಿಕೊಳ್ಳಲು ಶಾಲೆಯ ಹತ್ತಿರದಲ್ಲಿ ಒಂದು ಮನೆ ಅಥವಾ ಅಂಗಡಿಯನ್ನು ಮೊದಲೇ ಗೊತ್ತು ಮಾಡಿಡಿ. ಆ ಮನೆಯವರ ತಪಾಸಣೆಯೂ ಆಗಿರಲಿ.

11. ಮೇಷ್ಟ್ರು ವರ್ಗವಾಗುವ ಮುಂಚೆ

ಸರ್ಕಾರಿ ಶಾಲೆಯಲ್ಲಿ ಇದು ಬಂದೇ ಬರುತ್ತದೆ. ಎಎನ್‌ಒ ವರ್ಗವಾದ ಮೇಲೆ ಹೊಸಬರನ್ನು ಹುಡುಕಲು ಹೊರಟರೆ ಘಟಕ ನಿಂತೇಹೋಗಬಹುದು. ಈಗಿನವರು ಇರುವಾಗಲೇ ಇನ್ನೊಬ್ಬ ಶಿಕ್ಷಕರನ್ನು ಜೊತೆಗೆ ಸೇರಿಸಿ. ಅವರ ಹೆಸರನ್ನು ಹೆಡ್‌ಮಾಸ್ಟರ್ ಮೂಲಕ ಬೆಟಾಲಿಯನ್‌ಗೆ ಬರೆಯಿರಿ. ಅವರು ತರಬೇತಿಗೆ ಹೋದಾಗ ಅವರ ಪೀರಿಯಡ್ ಯಾರು ತೆಗೆದುಕೊಳ್ಳುತ್ತಾರೆ ಅಂತಲೂ ಶಾಲೆ ಮೊದಲೇ ತೀರ್ಮಾನಿಸಲಿ. ಸ್ಟಾಫ್ ರೂಮಿನಲ್ಲಿ ಈ ಒಂದು ಹೊಂದಾಣಿಕೆ ಆಗದೆ ತರಬೇತಿಗೆ ಹೆಸರು ಕೊಡದವರು ಬಹಳ ಜನ.

ಫೈಲಿನಲ್ಲಿ ಇರಬೇಕಾದ್ದು: ಮಕ್ಕಳ ಪಟ್ಟಿ, ರಕ್ತದ ಗುಂಪು ಮತ್ತು ಕಾಯಿಲೆ ಇದ್ದರೆ ಅದರ ವಿವರ, ಪೋಷಕರ ಒಪ್ಪಿಗೆ ಪತ್ರ, ದೊಡ್ಡವರ ಪಟ್ಟಿ, ಅವರ ಪೊಲೀಸ್ ಪರಿಶೀಲನೆ ಆದ ದಿನಾಂಕ, ಹಾಜರಿ ನೋಟ್‌ಬುಕ್‌ಗಳು, ಬೆಟಾಲಿಯನ್ ಜೊತೆಗಿನ ಪತ್ರಗಳು. ಇದು ಹೆಡ್‌ಮಾಸ್ಟರ್ ಕೋಣೆಯ ಬೀಗ ಹಾಕುವ ಬೀರುವಿನಲ್ಲಿರಲಿ. ಎಎನ್‌ಒ ಮನೆಯಲ್ಲಿ ಬೇಡ.